ಪ್ರತಿಕ್ರಿಯೆ: ಮದುವೆಯಾದ ಮಗಳಿಗೂ ಪಿತ್ರಾರ್ಜಿತದಲ್ಲಿ ಪಾಲಿದೆ
ಸಹೋದರಿ, 1990ರಲ್ಲೇ ಮದುವೆಯಾದ ತಮಗೆ ಶ್ರೀನಿವಾಸಪುರದ ಪಿತ್ರಾರ್ಜಿತ ಮಾವಿನ ತೋಟದಲ್ಲಿ ಪಾಲಿಲ್ಲವೆಂದು ಅಣ್ಣಂದಿರು ಹೇಳುತ್ತಿರುವುದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ಗಡಿಯಾಚೆಯ ಆಂಧ್ರ 1986ರಲ್ಲಿ, ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟರೂ, ಅಷ್ಟರಲ್ಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿದ್ದವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯು ಆ ಅನ್ಯಾಯದ ಭೇದವನ್ನು ತೆಗೆದುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವೋ ಕ್ರಯವೋ ಆಗಿದ್ದರೆ ಅದಕ್ಕೆ ರಕ್ಷಣೆಯಿದೆ. ಆದ್ದರಿಂದ ಮೊದಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅರಿಶಿನ ಕುಂಕುಮಕ್ಕೆಂದು ತವರಿಗೆ ಕರೆದು ಹಕ್ಕು ಬಿಡುಗಡೆ ಪತ್ರ ಮುಂದಿಡುವುದನ್ನು ನಮ್ಮ ಕೋಲಾರದ ಕಡೆ ಕಂಡಿದ್ದೇನೆ. ದಯವಿಟ್ಟು ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.