ಪ್ರಥಮ ಚಿಕಿತ್ಸೆ ಕಲಿಸುವವರ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ನಾನು ಮೊದಲು ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಸ್ವಂತವಾಗಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತೇನೆ. ತಾರಿಹಾಳದ ಕಾರ್ಖಾನೆಗಳು, ಹುಬ್ಬಳ್ಳಿಯ ಶಾಲೆಗಳು, ಗದಗ ಸುತ್ತಲಿನ ಗಾಳಿಯಂತ್ರದ ಕಂಪನಿಗಳು ಕರೆಯುತ್ತವೆ. ರಕ್ತ ನಿಲ್ಲಿಸುವುದು, ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕಟ್ಟುವುದು, ಎದೆ ಒತ್ತುವುದು ಕಲಿಸುತ್ತೇನೆ. ಮೊನ್ನೆ ಒಂದು ಕಾರ್ಖಾನೆಯವರು ‘ಏನೇ ಆದರೂ ಪೂರ್ತಿ ಹೊಣೆ ತರಬೇತುದಾರರದ್ದು’ ಎಂದು ಕರಾರಿನಲ್ಲಿ ಬರೆದು ಸಹಿ ಕೇಳಿದರು. ನನ್ನ ಹತ್ತಿರ ಕಲಿತವರು ನಾಳೆ ತಪ್ಪು ಮಾಡಿದರೆ ಕೇಸು ನನ್ನ ಮೇಲೆ ಬರುತ್ತದೆಯೇ? ಕಲಿಯುವವರಿಂದ ಮುಚ್ಚಳಿಕೆ ಬರೆಸಿಕೊಂಡರೆ ಸಾಕಾ? ಗಾಯಾಳುಗಳಿಗೆ ನೆರವಾದವರನ್ನು ಕಾಪಾಡುವ ಗುಡ್ ಸಮಾರಿಟನ್ ಕಾನೂನು ನನಗೂ ಅನ್ವಯವಾಗುತ್ತದಾ?
– ಹೆಸರು ಬೇಡ, ಗದಗ

ವಕೀಲರ ಉತ್ತರ: ಆ ಕರಾರಿಗೆ ಇನ್ನೂ ಸಹಿ ಹಾಕಿಲ್ಲ ಅಂದುಕೊಳ್ಳುತ್ತೇನೆ. ಹಾಕಬೇಡಿ. ‘ಪೂರ್ತಿ ಹೊಣೆ’ ಎಂದು ಬರೆದುಕೊಟ್ಟರೆ ಅವರ ತಪ್ಪೂ ನಿಮ್ಮ ತಲೆಗೇ ಬರುತ್ತದೆ. ಶೆಡ್ಡಿನಲ್ಲಿ ಎಣ್ಣೆ ಚೆಲ್ಲಿ ಕಾರ್ಮಿಕರೊಬ್ಬರು ಜಾರಿ ಬಿದ್ದು ಕೈ ಮುರಿದುಕೊಂಡರು ಅಂತಿಟ್ಟುಕೊಳ್ಳಿ. ಕಂಪನಿ ಆ ಕಾಗದ ತೋರಿಸಿ ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಇನ್ನೊಂದು ಅಪಾಯವೂ ಇದೆ. ಕಾನೂನು ಹೇರದ ಹೊಣೆಯನ್ನು ನೀವಾಗಿಯೇ ಕರಾರಿನಲ್ಲಿ ಒಪ್ಪಿಕೊಂಡರೆ ಸಾಮಾನ್ಯವಾಗಿ ವಿಮಾ ಕಂಪನಿ ಅದಕ್ಕೆ ಹಣ ಕೊಡುವುದಿಲ್ಲ.

ಬದಲಿಗೆ ಹೀಗೆ ಬರೆಯಲು ಹೇಳಿ: ‘ತರಬೇತುದಾರರ ಅಥವಾ ಅವರ ಸಹಾಯಕರ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ತರಬೇತುದಾರರು ಹೊಣೆ. ಜಾಗ, ಯಂತ್ರ, ವಿದ್ಯುತ್ ಇವುಗಳಿಂದ ಆದ ನಷ್ಟಕ್ಕೆ ಕಂಪನಿ ಹೊಣೆ.’ ನಿಮ್ಮ ಹೊಣೆಗೆ ಒಂದು ಮೊತ್ತದ ಮಿತಿಯನ್ನೂ ಬರೆಸಿ. ಮಿತಿ ನಿಮ್ಮ ವಿಮೆಯ ಮೊತ್ತಕ್ಕಿಂತ ಜಾಸ್ತಿ ಇರಬಾರದು. ಕೇಳಿದರೆ ಹೆಚ್ಚಿನ ಕಂಪನಿಯವರು ಒಪ್ಪುತ್ತಾರೆ. ಯಾವುದೋ ಗುತ್ತಿಗೆಯ ಹಳೆ ನಮೂನೆಯನ್ನೇ ನಿಮಗೂ ಕಳಿಸಿರುತ್ತಾರೆ, ಅಷ್ಟೇ.

ಇನ್ನು ಗುಡ್ ಸಮಾರಿಟನ್ ಕಾನೂನು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ, ತಾನಾಗಿಯೇ, ಪ್ರತಿಫಲ ಬಯಸದೆ ನೆರವಾದವರನ್ನು ಅದು ಕಾಪಾಡುತ್ತದೆ. ನಮ್ಮ ರಾಜ್ಯದ್ದೇ 2016ರ ಕಾಯ್ದೆಯೂ ಇದೆ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ನೀವು ಗಾಡಿ ನಿಲ್ಲಿಸಿ ಗಾಯಾಳುವಿಗೆ ನೆರವಾದರೆ ಈ ರಕ್ಷಣೆ ನಿಮಗೂ ಇದೆ. ನಿಮ್ಮ ವಿದ್ಯಾರ್ಥಿಗಳಿಗೂ ಇದೆ, ಅದನ್ನು ತರಗತಿಯಲ್ಲೇ ಹೇಳಿ. ಪೊಲೀಸರ ಭಯಕ್ಕೆ ದೂರ ನಿಲ್ಲುವವರು ನಮ್ಮಲ್ಲಿ ಇನ್ನೂ ಬಹಳ ಜನ. ಆದರೆ ಫೀ ತೆಗೆದುಕೊಂಡು ಪಾಠ ಮಾಡುವಾಗ ನೀವು ವೃತ್ತಿಪರರು. ಆ ಹೊತ್ತಿನ ಹೊಣೆಯಿಂದ ಈ ಕಾನೂನು ನಿಮ್ಮನ್ನು ಕಾಪಾಡುವುದಿಲ್ಲ.

ಕಲಿತವರು ತಪ್ಪು ಮಾಡಿದರೆ? ಅಷ್ಟಕ್ಕೇ ನೀವು ಸಿಕ್ಕಿಬೀಳುವುದಿಲ್ಲ. ನೀವು ಕಲಿಸಿದ್ದೇ ತಪ್ಪು ಅಥವಾ ಹೇಳಲೇಬೇಕಾದ ಎಚ್ಚರಿಕೆಯನ್ನು ನೀವು ಹೇಳಲಿಲ್ಲ, ಆ ಕಾರಣದಿಂದಲೇ ಹಾನಿಯಾಯಿತು ಎಂದು ದೂರುದಾರರು ತೋರಿಸಬೇಕು. ಕ್ರಿಮಿನಲ್ ಕೇಸಿಗೆ ಇದೂ ಸಾಲದು. ವೈದ್ಯರ ಮೇಲಿನ ಕೇಸಿನಲ್ಲಿ, 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ, ನಿರ್ಲಕ್ಷ್ಯ ಅಪರಾಧವಾಗಬೇಕಾದರೆ ಅದು ತೀರಾ ಘೋರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೆ ಶಿಕ್ಷೆ. ಚಿಕಿತ್ಸೆ ಮಾಡುವಾಗ ಹೀಗಾದರೆ ನೋಂದಾಯಿತ ವೈದ್ಯರಿಗೆ 2 ವರ್ಷದ ಮಿತಿ. ಆ ರಿಯಾಯಿತಿ ನಿಮಗಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಟೂರ್ನಿಕೆಟ್ ಪಾಠದ ಬಗ್ಗೆ. ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕು ರಕ್ತ ಚಿಮ್ಮುತ್ತಿದ್ದರೆ ಅದು ಜೀವ ಉಳಿಸುತ್ತದೆ. ಹಾವು ಕಚ್ಚಿದಾಗ ಹಾಗೆ ಬಿಗಿದರೆ ಕಾಲೇ ಹೋಗಬಹುದು. ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಬೇಕು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಮೊದಲೇ ಗಟ್ಟಿಯಾಗಿದೆ. ನೀವು ಟೂರ್ನಿಕೆಟ್ ಕಲಿಸಿ, ಹಾವಿನ ಮಾತೇ ಎತ್ತದೆ ಬಂದರೆ, ನರಗುಂದದ ಹೊಲದಲ್ಲಿ ಯಾರೋ ಅದನ್ನೇ ಹಾವು ಕಚ್ಚಿದ ಕಾಲಿಗೆ ಕಟ್ಟುತ್ತಾರೆ. ‘ಹೇಳಲೇಬೇಕಾದ ಎಚ್ಚರಿಕೆ ಹೇಳಲಿಲ್ಲ’ ಎಂಬ ಮಾತು ನಿಮ್ಮ ಮೇಲೆ ಬರುವುದು ಇಂಥ ಕಡೆ. ಆದ್ದರಿಂದ ಕೈಗೆ ಕೊಡುವ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ: ಹಾವು ಕಚ್ಚಿದರೆ ಟೂರ್ನಿಕೆಟ್ ಬೇಡ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ. ಕನ್ನಡದಲ್ಲೇ ಇರಲಿ. ಕಾರ್ಮಿಕರಿಗೆ ಅರ್ಥವಾಗದ ಇಂಗ್ಲಿಷ್ ಹಾಳೆ ಕೊಟ್ಟರೆ ಎಚ್ಚರಿಕೆ ಕೊಟ್ಟಂತಾಗುವುದಿಲ್ಲ.

ಏನು ಕಲಿಸುತ್ತೀರೋ ಅದಕ್ಕೆ ಒಂದು ಮಾನ್ಯ ಮಾರ್ಗಸೂಚಿಯ ಆಧಾರ ಇರಲಿ. ಯಾವ ವರ್ಷದ್ದು ಎಂಬುದನ್ನು ಪಾಠದ ಹಾಳೆಯಲ್ಲಿ ನಮೂದಿಸಿ. ವಯಸ್ಕರಿಗೆ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂಟಿಮೀಟರ್ ಎಂದು ನೀವು ಹೇಳಿದ್ದು ದಾಖಲೆಯಲ್ಲಿರಲಿ. ನಿಮ್ಮ ಎಲ್ಲೆಯನ್ನೂ ದಾಟಬೇಡಿ. ಇಂಜೆಕ್ಷನ್, ಹೊಲಿಗೆ, ಮಾತ್ರೆ ಕೊಡುವುದು ಇವೆಲ್ಲ ಜನಸಾಮಾನ್ಯರ ತರಗತಿಗೆ ಬರಕೂಡದು. ಯಾರು ಎಷ್ಟೇ ಒತ್ತಾಯ ಮಾಡಿದರೂ ಬೇಡ.

ಮುಚ್ಚಳಿಕೆಯ ಮೇಲೆ ಜಾಸ್ತಿ ಭರವಸೆ ಇಡಬೇಡಿ. ‘ಏನಾದರೂ ಆದರೆ ನಾವೇ ಹೊಣೆ’ ಎಂಬ ಕಾಗದ ನಿಮ್ಮ ನಿರ್ಲಕ್ಷ್ಯವನ್ನು ಮುಚ್ಚಿಹಾಕುವುದಿಲ್ಲ. ಫೀ ಕೊಟ್ಟು ಕಲಿಯುವವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯಲ್ಲಿ ಕೊರತೆ ಎಂದು ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಶಾಲಾ ಮಕ್ಕಳ ಸಹಿಗಂತೂ ಬೆಲೆಯೇ ಇಲ್ಲ, 18 ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ಆ ಹಾಳೆಯನ್ನು ಬೇರೆ ಕೆಲಸಕ್ಕೆ ಬಳಸಿ. ನೆಲದ ಮೇಲೆ ಮೊಣಕಾಲೂರಿ ಮಾಡುವ ಅಭ್ಯಾಸ ಇದೆ ಎಂದು ತಿಳಿಸಿ. ಬೆನ್ನುನೋವು, ಹೃದಯದ ತೊಂದರೆ, ಬಸಿರು, ಇತ್ತೀಚಿನ ಆಪರೇಷನ್ ಇದ್ದರೆ ಮೊದಲೇ ಹೇಳಿ ಎಂದು ಕೇಳಿ. ಹಾಗೆ ಹೇಳಿದವರು ಕುಳಿತು ನೋಡಲಿ. ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಇರಲಿ, ತರಗತಿಯಲ್ಲಿ ಶಾಲೆಯ ಶಿಕ್ಷಕರೊಬ್ಬರು ಕೂತಿರಲಿ.

ಕೇಸು ಬರುವ ಸಾಧ್ಯತೆ ಹೆಚ್ಚಿರುವುದು ತರಗತಿಯ ಒಳಗೇ. ಎದೆ ಒತ್ತುವುದನ್ನು ಬೊಂಬೆಯ ಮೇಲೆ ಮಾತ್ರ ಮಾಡಿಸಿ. ಗಂಟಲಲ್ಲಿ ಸಿಕ್ಕಿಕೊಂಡಾಗ ಹೊಟ್ಟೆ ಒತ್ತುವ ವಿಧಾನವನ್ನು ಸಹಪಾಠಿಗಳ ಮೇಲೆ ನಿಜವಾಗಿ ಒತ್ತಿ ತೋರಿಸಕೂಡದು. ಮನುಷ್ಯರ ಕೈಗೆ ಟೂರ್ನಿಕೆಟ್ ಕಟ್ಟಿಸಿದರೆ ಸಡಿಲವಾಗಿರಲಿ, ಪೂರ್ತಿ ಬಿಗಿಯುವುದನ್ನು ಬೊಂಬೆಯ ಕೈ ಮೇಲೆ ತೋರಿಸಿ. ಬಣ್ಣದ ರಕ್ತ ಹಚ್ಚಿ ಅಪಘಾತದ ಅಣಕು ಮಾಡುವುದಾದರೆ ಸೆಕ್ಯುರಿಟಿಯವರಿಗೂ ಅಕ್ಕಪಕ್ಕದವರಿಗೂ ಮುಂಚೆಯೇ ತಿಳಿಸಿ.

ದಾಖಲೆ ಎಷ್ಟು ದಿನ ಇಡಬೇಕು? ಗ್ರಾಹಕ ದೂರಿಗೆ 2 ವರ್ಷ, ಪರಿಹಾರದ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ ಕಾಲಾವಕಾಶ. ಮಕ್ಕಳಾದರೆ ದಾವೆಯ ಲೆಕ್ಕ 18 ತುಂಬಿದ ಮೇಲೆ ಶುರುವಾಗುತ್ತದೆ. ಅಂದರೆ 14ರ ಹುಡುಗಿಯ ವಿಷಯದಲ್ಲಿ ಅವಳಿಗೆ 21 ಆಗುವವರೆಗೆ. ಹಾಜರಿ, ಪಾಠದ ಹಾಳೆ, ಪ್ರತಿಯೊಬ್ಬರೂ ಮಾಡಿ ತೋರಿಸಿದ್ದಕ್ಕೆ ಟಿಕ್ ಹಾಕಿದ ಪಟ್ಟಿ, ಬೊಂಬೆ ಒರೆಸಿದ ದಾಖಲೆ, ಇಷ್ಟನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಸರಿಯಾಗಿ ಮಾಡಿ ತೋರಿಸದವರಿಗೆ ‘ಹಾಜರಿದ್ದರು’ ಎಂಬ ಪತ್ರ ಮಾತ್ರ ಕೊಡಿ. ಸುಮ್ನೆ ಎಲ್ಲರಿಗೂ ‘ತೇರ್ಗಡೆ’ ಎಂದು ಬರೆದುಕೊಟ್ಟರೆ ಅದೇ ಕಾಗದ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ.

ಬ್ಯಾನರ್, ಟಿ-ಶರ್ಟ್, ಪ್ರಮಾಣಪತ್ರದಲ್ಲಿ ಬಿಳಿಯ ಮೇಲೆ ಕೆಂಪು ಶಿಲುಬೆ ಇದ್ದರೆ ತೆಗೆಸಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಆ ಗುರುತು ಬಳಸುವಂತಿಲ್ಲ. ಹಸಿರು ಹಿನ್ನೆಲೆಯ ಬಿಳಿ ಶಿಲುಬೆ ಬಳಸಬಹುದು. ‘ಸರ್ಕಾರದಿಂದ ಮಾನ್ಯ’ ಎಂದು ನಿಜವಾಗಿ ಮಾನ್ಯತೆ ಇಲ್ಲದೆ ಬರೆಯಬೇಡಿ. ಕಾರ್ಖಾನೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆ ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ಒಪ್ಪುವ ಪ್ರಮಾಣಪತ್ರ ಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಿಮ್ಮ ಪತ್ರ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಕಂಪನಿಗೆ ಮೊದಲೇ ಬರಹದಲ್ಲಿ ತಿಳಿಸಿ.

ವಿಮೆ ಎರಡು ಬಗೆಯದು ಬೇಕು. ತಪ್ಪು ಕಲಿಸಿದ ಆರೋಪಕ್ಕೆ ಪ್ರೊಫೆಷನಲ್ ಇಂಡೆಮ್ನಿಟಿ, ತರಗತಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಪಬ್ಲಿಕ್ ಲಯಬಿಲಿಟಿ. ಇಂಡೆಮ್ನಿಟಿ ಪಾಲಿಸಿ ಸಾಮಾನ್ಯವಾಗಿ ಕ್ಲೇಮು ಬಂದ ವರ್ಷ ಚಾಲ್ತಿಯಲ್ಲಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ, ಪಾಠ ಮಾಡಿದ ವರ್ಷ ಇದ್ದರೆ ಸಾಲದು. ಆದ್ದರಿಂದ ನವೀಕರಣ ಒಂದು ದಿನವೂ ತಪ್ಪದಿರಲಿ. ಅರ್ಜಿಯಲ್ಲಿ ‘ಬೋಧನೆ’ ಎಂದಷ್ಟೇ ಬರೆಯದೆ ಟೂರ್ನಿಕೆಟ್ ಅಭ್ಯಾಸ, ಅಣಕು ಅಪಘಾತ ಎಲ್ಲವನ್ನೂ ಬಿಡಿಸಿ ಬರೆಯಿರಿ. ಏನಾದರೂ ಆದರೆ ಮೊದಲು ಗಾಯಗೊಂಡವರನ್ನು ನೋಡಿ, 108ಕ್ಕೆ ಕರೆ ಮಾಡಿ. ನಡೆದದ್ದನ್ನು ಅದೇ ದಿನ ಬರೆದಿಟ್ಟು ವಿಮಾ ಕಂಪನಿಗೆ ತಿಳಿಸಿ. ಅವರನ್ನು ಕೇಳದೆ ‘ತಪ್ಪು ನನ್ನದೇ’ ಎಂದು ಬರೆದುಕೊಡಬೇಡಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಶಿಕ್ಷಕಿ. ಸ್ವಸಹಾಯ ಸಂಘದ ಅಕ್ಕಂದಿರಿಗೆ ದುಡ್ಡು ತೆಗೆದುಕೊಳ್ಳದೆ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತೇನೆ. ಕೇಳಿದವರಿಗೆ ಆನ್‌ಲೈನಿನಲ್ಲಿ ಟೂರ್ನಿಕೆಟ್ ತರಿಸಿ, ಸ್ವಲ್ಪ ಲಾಭಕ್ಕೆ ಮಾರುತ್ತೇನೆ. ನನಗೂ ಇದೆಲ್ಲ ಅನ್ವಯವೇ?

ವಕೀಲರ ಉತ್ತರ: ಪೂರ್ತಿ ಉಚಿತವಾಗಿ ಹೇಳಿಕೊಟ್ಟರೆ ಅದು ಗ್ರಾಹಕ ಕಾಯ್ದೆಯ ‘ಸೇವೆ’ಯೊಳಗೆ ಬರುವುದಿಲ್ಲ. ಆದರೆ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ಎಚ್ಚರಿಕೆಯ ಹಾಳೆ ಮತ್ತು ಹಾಜರಿ ನಿಮಗೂ ಬೇಕು. ನಿಮ್ಮ ವಿಷಯದಲ್ಲಿ ದೊಡ್ಡ ಸಮಸ್ಯೆ ಮಾರಾಟ. ಅಲ್ಲಿ ನೀವು ವ್ಯಾಪಾರಿಯಾಗುತ್ತೀರಿ, ದೋಷದ ವಸ್ತುವಿನಿಂದ ಆದ ಹಾನಿಗೆ ಮಾರಿದವರನ್ನೂ ಹೊಣೆ ಮಾಡಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಅಗ್ಗದ ನಕಲಿ ಟೂರ್ನಿಕೆಟ್‌ಗಳು ಬಿಗಿಯಲು ಕಡ್ಡಿ ತಿರುಗಿಸುವಾಗಲೇ ಮುರಿಯಬಹುದು, ರಕ್ತ ಹರಿಯುತ್ತಿರುವಾಗ ಅದರ ಅರ್ಥ ಏನು ಅಂತ ನಿಮಗೆ ಗೊತ್ತು. ಅಧಿಕೃತ ಮಾರಾಟಗಾರರ ಬಿಲ್ಲು ಇಲ್ಲದ ಒಂದನ್ನೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಈ ವಾರವೇ ಅವರಿಗೆ ಫೋನ್ ಮಾಡಿ ವಾಪಸ್ ತರಿಸಿಕೊಳ್ಳಿ.