ಅಬ್ಲೇಶನ್ ಆದ ಮೇಲೆ ಎದೆಬಡಿತದ ಮಾತ್ರೆ ಯಾವಾಗ ಬಿಡಬಹುದು?

ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ಅಬ್ಲೇಶನ್ (ಲಯ ಕೆಡಿಸುವ ಜಾಗವನ್ನು ಸುಡುವ ಚಿಕಿತ್ಸೆ) ಆಗಿದ್ದರೆ, ಲಯದ ಮಾತ್ರೆಯನ್ನು ಸಾಮಾನ್ಯವಾಗಿ 2–3 ತಿಂಗಳ ನಂತರ ವೈದ್ಯರೇ ನಿಲ್ಲಿಸುತ್ತಾರೆ. ಸುಟ್ಟ ಜಾಗದ ಊತ ಇಳಿದು, ಮಾಯ್ದು, ಗಟ್ಟಿ ಕಲೆಯಾಗಲು ಅಷ್ಟು ಕಾಲ ಬೇಕು. ಅಡ್ಡಾದಿಡ್ಡಿ ವಿದ್ಯುತ್ತನ್ನು ತಡೆಯುವುದು ಆ ಕಲೆಯೇ. ಅಲ್ಲಿಯವರೆಗೆ ಎದೆ ಡವಡವ ಅಂದರೆ ಚಿಕಿತ್ಸೆ ಕೈಕೊಟ್ಟಿತು ಎಂದಲ್ಲ. ಆಗ ಹತ್ತಿರದಲ್ಲೇ ಇಸಿಜಿ ತೆಗೆಸಿ ಚೀಟಿ ಇಟ್ಟುಕೊಳ್ಳಿ; ದೂರದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಲಯ ಸರಿಹೋಗಿ, ತೋರಿಸಲು ಏನೂ ಉಳಿದಿರಲಿಕ್ಕಿಲ್ಲ.

ಬಡಿತ ನಿಧಾನಿಸುವ ಮಾತ್ರೆ ಮೆಟೊಪ್ರೊಲಾಲ್ ಒಮ್ಮೆಲೇ ಬಿಟ್ಟರೆ ಬಡಿತ, ಬಿಪಿ ಎರಡೂ ಜಿಗಿಯಬಹುದು. 1–2 ವಾರದಲ್ಲಿ ಡೋಸ್ ಇಳಿಸುತ್ತಾ ಬರಬೇಕು. ಲಯದ ಮಾತ್ರೆಯಾದ ಅಮಿಯೊಡರೋನ್ ಕೊಬ್ಬಿನಲ್ಲಿ ಉಳಿದು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ, ಹಾಗಾಗಿ ಬಿಟ್ಟ ಹೊಸತರ ಇಸಿಜಿ ನೋಡಿ ಹಿಗ್ಗಬೇಡಿ.

ರಕ್ತ ತೆಳುವಾಗಿಸುವ ಮಾತ್ರೆಯ ಲೆಕ್ಕವೇ ಬೇರೆ. ಕನಿಷ್ಠ 2–3 ತಿಂಗಳು ಬೇಕೇ ಬೇಕು. ಆಮೇಲೆ ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಹೊಡೆದಿತ್ತೇ ಎಂಬುದರ ಮೇಲೆ ನಿರ್ಧಾರ. ಲಯ ಸರಿಯಾಯಿತೆಂದು ನೀವಾಗಿಯೇ ಬಿಡಬೇಡಿ.