ಸಂಪಾದಕರ ಉತ್ತರ: ಮೊದಲು ನಗೋದು ನಿಲ್ಲಲಿ, ಆಮೇಲೆ ಗ್ರಾಮರ್

ಸವಣೂರಿನ ಓದುಗರೊಬ್ಬರು ಬರೆದಿದ್ದಾರೆ:

"ನನ್ನ ಮಗ ಹುಬ್ಬಳ್ಳಿಯಲ್ಲಿ ಬಿ.ಕಾಂ. ಮೊದಲ ವರ್ಷ. ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಮಾತಾಡು ಅಂದರೆ ಮಾತ್ರ ಬಾಯಿ ತೆಗೆಯೋದಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕಿದೆ. ಅಲ್ಲಿ ಕನ್ನಡ ಆಡಿದರೆ ಹತ್ತು ರೂಪಾಯಿ ದಂಡ. ಎರಡು ವಾರಕ್ಕೇ ಬಿಟ್ಟು ಬಂದ. ಮನೆಗೆ ನೆಂಟರು ಬಂದಾಗ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡು ಅಂದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ. ನಮ್ಮ ಮಾಸ್ತರರು ಛಡಿ ಹಿಡಿದು ಗ್ರಾಮರ್ ಕಲಿಸಿದ್ದಕ್ಕೇ ನಮಗೆ ಇಷ್ಟಾದರೂ ಬಂತು. ಭಯ, ಮನಸ್ಸು ಅಂತ ಈಗಿನವರು ಹೇಳೋದೆಲ್ಲ ಸೋಮಾರಿತನಕ್ಕೆ ಕೊಟ್ಟ ಹೆಸರಲ್ಲವೇ?"

ನಿಮ್ಮ ಮಾತಿನಲ್ಲಿ ಸತ್ಯ ಇದೆ. ವ್ಯಾಕರಣ ಬೇಕು. ಅರ್ಜಿಯಲ್ಲಿ, ಕರಾರುಪತ್ರದಲ್ಲಿ ಒಂದು ಕ್ರಿಯಾಪದ ತಪ್ಪಿದರೆ ಅರ್ಥವೇ ಕೆಡುತ್ತದೆ. ಸೋಮಾರಿ ಹುಡುಗರೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಆಯ್ತು, ಗ್ರಾಮರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿದೆ. ಇನ್ನು ನಿಮ್ಮ ಮಗನ ಪರವಾಗಿ ವಾದ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿತ್ತಲಿಗೆ ಎದ್ದು ಹೋಗುವ ಹುಡುಗ ಸೋಮಾರಿ ಹೇಗಾದಾನು? ಸೋಮಾರಿ ಕುಂತಲ್ಲೇ ಕುಂತಿರುತ್ತಾನೆ. ಇವನಿಗೆ ಇಂಗ್ಲಿಷ್ ಬರುತ್ತದೆ, ಮಾರ್ಕ್ಸ್ ಕಾರ್ಡೇ ಹೇಳುತ್ತಿದೆ. ಎದುರಿಗೆ ನಾಲ್ಕು ಜನ ಕುಂತು ಮುಖ ನೋಡಿದಾಗ ಮಾತ್ರ ಬರೋದಿಲ್ಲ. ಇದು ಬರೀ ನಮ್ಮ ಹುಡುಗರ ಪಾಡು ಅಂತ ತಿಳಿಯಬೇಡಿ. 1986ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಇಲೇನ್ ಹಾರ್ವಿಟ್ಜ್ ಮತ್ತು ಇಬ್ಬರು ಸಂಗಡಿಗರು ಭಾಷೆಯ ಕ್ಲಾಸಿನ ಭಯವನ್ನು ಅಳೆಯೋಕೆ 33 ಹೇಳಿಕೆಗಳ ಪಟ್ಟಿ ಮಾಡಿದರು. 'ನನ್ನ ಹೆಸರು ಕರೀತಾರೆ ಅಂದರೆ ನಡುಕ ಬರುತ್ತೆ', 'ನಾನು ಮಾತಾಡಿದರೆ ಉಳಿದವರು ನಗುತ್ತಾರೆ' ಅನ್ನೋ ಧಾಟಿಯ ಹೇಳಿಕೆಗಳು. ಅದಕ್ಕೆ ಹೌದು ಅಂದವರು ಯಾರು ಗೊತ್ತೇ? ಸ್ಪ್ಯಾನಿಷ್ ಕಲಿಯೋಕೆ ಕುಂತ ಅಮೆರಿಕದ ಹುಡುಗ ಹುಡುಗಿಯರು. ಇಂಗ್ಲಿಷ್ ಅವರ ಮನೆಮಾತು! ಅಂಥವರೂ ಇನ್ನೊಂದು ಭಾಷೆಯ ಕ್ಲಾಸಿಗೆ ಬಂದರೆ ಬೆವರುತ್ತಾರೆ.

ಅದಕ್ಕೂ ಮುಂಚೆ, 1972ರಲ್ಲಿ, ಅಲೆಕ್ಸಾಂಡರ್ ಗಿಯೋರಾ ಅನ್ನೋ ಮನಶ್ಶಾಸ್ತ್ರಜ್ಞ ಸಂಗಡಿಗರ ಜೊತೆ ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಸ್ವಲ್ಪ ಮದ್ಯ ಕುಡಿಸಿ, ಅವರಿಗೆ ಗೊತ್ತೇ ಇಲ್ಲದ ಥಾಯ್ ಭಾಷೆಯ ಮಾತನ್ನು ಕೇಳಿಸಿ, ಹಾಗೇ ಅನ್ನಿ ಅಂದರು. ಸ್ವಲ್ಪ ಕುಡಿದವರ ಉಚ್ಚಾರ ಸುಧಾರಿಸಿತು. ಜಾಸ್ತಿ ಆದಾಗ ಕೆಟ್ಟಿತು. ಇದನ್ನು ಓದಿ ನಾನು ಜೋರಾಗಿ ನಕ್ಕೆ. ಎರಡು ಪೆಗ್ ಒಳಗೆ ಹೋದ ಮೇಲೆ ಇಂಗ್ಲಿಷ್ ಶುರು ಮಾಡುವ ಒಬ್ಬನಾದರೂ ಪ್ರತಿ ಊರಲ್ಲೂ ಇರುತ್ತಾನೆ, ಅಲ್ವಾ? ಹಗಲು ಅವನ ಬಾಯಲ್ಲಿ ಒಂದು 'ಯೆಸ್' ಕೂಡ ಹೊರಡೋದಿಲ್ಲ. ರಾತ್ರಿ ಅವನಿಗೆ ಗ್ರಾಮರ್ ಹೇಳಿಕೊಟ್ಟವರು ಯಾರು? ಸಂಕೋಚ ಬಿಟ್ಟಿತು, ಅಷ್ಟೇ. ಇದನ್ನು ಔಷಧಿ ಚೀಟಿ ಅಂತ ತಿಳಿದು ನಿಮ್ಮ ಮಗನಿಗೆ ಓದಿ ಹೇಳಬೇಡಿ ಮತ್ತೆ.

ಹಾಗಾದರೆ ಹೇಗೆ ಕಲಿಸಬೇಕು ಅಂತ ಕೇಳುತ್ತೀರಿ. ಗದಗ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಾಸ್ತರರು ಬಸ್ ಸ್ಟ್ಯಾಂಡಿನ ಬೋರ್ಡಿನ ಸಮಯಗಳನ್ನೆಲ್ಲ ಹಲಗೆಯ ಮೇಲೆ ಬರೆದಿದ್ದರು. ಪ್ರಶ್ನೆ ಒಂದೇ: ನೀವು ಲಕ್ಕುಂಡಿಯಲ್ಲಿದ್ದೀರಿ, ಹನ್ನೊಂದಕ್ಕೆ ಮುಂಚೆ ಹುಬ್ಬಳ್ಳಿ ದವಾಖಾನೆ ಮುಟ್ಟಬೇಕು, ಯಾವ ಬಸ್ಸು ಹಿಡೀತೀರಿ? ಹುಡುಗರು ಕನ್ನಡದಲ್ಲಿ ಜಗಳಕ್ಕೆ ಬಿದ್ದರು. ಒಬ್ಬ ಎದ್ದು, "ಸರ್, ನೈನ್ ಥರ್ಟಿ ಬಸ್ ನೋ. ಲೇಟ್ ಕಮಿಂಗ್" ಅಂದ. ಮಾಸ್ತರರು ತಪ್ಪು ಅನ್ನಲಿಲ್ಲ. "ಓಹೋ, ದ ನೈನ್ ಥರ್ಟಿ ಬಸ್ ಕಮ್ಸ್ ಲೇಟ್? ದೆನ್ ವಿಚ್ ಬಸ್?" ಅಂದರು. ಹಿಂದಿನ ಬೆಂಚಿನ ಹುಡುಗಿ, "ದ್ಯಾಟ್ ಬಸ್ ಸ್ಟಾಪ್ ಆಲ್ ವಿಲೇಜ್, ಸರ್" ಅಂದಳು. ಯಾರೋ ಕಿಸಕ್ಕೆಂದರು. ಆ ಕ್ಲಾಸಿನಲ್ಲಿ ಒಂದು ಕಾಯಿದೆ ಇದೆ. ನಕ್ಕವರು ಎದ್ದು ಅದೇ ಮಾತನ್ನು ಇನ್ನೂ ಚಲೋ ಹೇಳಬೇಕು. ನಕ್ಕವ ಎದ್ದ, ತಲೆ ಕೆರೆದ, "ದ್ಯಾಟ್ ಬಸ್..." ಅಂದು ನಿಂತ. ಹುಡುಗಿಯೇ ಅವನಿಗೆ ಮುಂದಿನ ಶಬ್ದ ಎತ್ತಿಕೊಟ್ಟಳು. ಗಂಟೆ ಹೊಡೆಯುವ ಹೊತ್ತಿಗೆ ಅದೇ ಹುಡುಗಿ ತಾನಾಗಿ 'ಸ್ಟಾಪ್ಸ್' ಅನ್ನುತ್ತಿದ್ದಳು. ನಿಯಮ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಸ್ತರರ ಬಾಯಿಂದ ಮತ್ತೆ ಮತ್ತೆ ಕೇಳಿದ್ದಳು.

ಇದು ಆ ಮಾಸ್ತರರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಹೀಗೇ ಕಲಿಸಿ ನೋಡಿದರು. ರೈಲಿನ ವೇಳಾಪಟ್ಟಿ, ನಕ್ಷೆ ಮುಂದಿಟ್ಟು ಲೆಕ್ಕ ಬಿಡಿಸು ಅನ್ನೋದು. ಮನಸ್ಸು ಲೆಕ್ಕದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನೋದು ಅವರ ನಂಬಿಕೆ. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಹೆಸರು. ನಮ್ಮ ರಾಜಧಾನಿಯ ಹೆಸರು ಹೊತ್ತ ಪದ್ಧತಿ ನಮ್ಮ ಎಷ್ಟು ಶಾಲೆಗಳಲ್ಲಿದೆ? ಮೊದಲು ಐದನೇ ಇಯತ್ತೆಯಿಂದ ಇದ್ದ ಇಂಗ್ಲಿಷನ್ನು 2007ರಲ್ಲಿ ಒಂದನೇ ಇಯತ್ತೆಗೆ ತಂದೆವು. ವರ್ಷಗಳನ್ನು ಹೆಚ್ಚಿಸಿದೆವು. ಆದರೆ ಮಗು ಬಾಯಿ ತೆರೆಯುವ ನಿಮಿಷಗಳು ಹೆಚ್ಚಲಿಲ್ಲ. ಇವತ್ತಿಗೂ ಪ್ರಶ್ನೋತ್ತರ ಬೋರ್ಡಿನ ಮೇಲೆ ಬೀಳುತ್ತದೆ, ಮಕ್ಕಳು ಇಳಿಸಿಕೊಳ್ಳುತ್ತಾರೆ.

ಇನ್ನು ಆ ಹತ್ತು ರೂಪಾಯಿ ದಂಡ. ನನಗೆ ಪಿತ್ತ ನೆತ್ತಿಗೇರುವುದೇ ಇಲ್ಲಿ. ಅಮೆರಿಕದಲ್ಲಿ ಚಾರ್ಲ್ಸ್ ಕರನ್ ಅಂತ ಒಬ್ಬ ಪಾದ್ರಿ ಇದ್ದರು, ಮನಶ್ಶಾಸ್ತ್ರಜ್ಞರೂ ಹೌದು. ಅವರ ಪದ್ಧತಿಯಲ್ಲಿ ಕಲಿಯುವವರು ದುಂಡಗೆ ಕೂರುತ್ತಾರೆ. ಮೇಷ್ಟ್ರು ಹಿಂದೆ ನಿಲ್ಲುತ್ತಾರೆ. ಕಲಿಯುವವನು ಹೇಳಬೇಕಾದ್ದನ್ನು ಮೊದಲು ತನ್ನ ಮಾತೃಭಾಷೆಯಲ್ಲೇ ಹೇಳಬೇಕು. ಮೇಷ್ಟ್ರು ಮೆಲ್ಲಗೆ ಅದನ್ನು ಹೊಸ ಭಾಷೆಯಲ್ಲಿ ಹೇಳಿಕೊಡುತ್ತಾರೆ. ಇವನು ಅದನ್ನೇ ಗುಂಪಿಗೆ ಹೇಳುತ್ತಾನೆ. ಅಲ್ಲಿ ಮಾತೃಭಾಷೆಯಿಂದಲೇ ಪಾಠ ಶುರು, ನಮ್ಮಲ್ಲಿ ಅದಕ್ಕೇ ದಂಡ! ತಪ್ಪೋ ಸರಿಯೋ ಏನೋ ಹೇಳಹೊರಟ ಹುಡುಗನ ಬಾಯಿ ಮುಚ್ಚಿಸೋದು ಊಟಕ್ಕೆ ಕುಂತವನ ಎಲೆ ಎಳೆದ ಹಾಗೆ.

ನಮ್ಮ ಕಡೆಯವರಿಗೆ ಈ ಪೆಟ್ಟು ಎರಡು ಸಲ ಬೀಳುತ್ತದೆ. ಗದಗ, ಹಾವೇರಿ ಕಡೆಯ ಹುಡುಗ ಬೆಂಗಳೂರಿಗೆ ಹೋಗಿ "ಯಾಕ್ರೀ, ಏನಾತ್ರೀ" ಅಂದರೆ ಪಕ್ಕದವರು ಅದನ್ನೇ ರಾಗ ಎಳೆದು ತಿರುಗಿ ಅಂದು ನಗುತ್ತಾರೆ. ಸಿನಿಮಾದಲ್ಲಿ ನಮ್ಮ ಮಾತು ಬಂದರೆ ಹೆಚ್ಚಾಗಿ ಕಾಮಿಡಿಯವನ ಬಾಯಲ್ಲಿ. ತನ್ನ ಕನ್ನಡಕ್ಕೇ ಜನ ನಗುವುದನ್ನು ಕಂಡ ಹುಡುಗ ಇಂಗ್ಲಿಷಿಗೆ ಯಾವ ಧೈರ್ಯದ ಮೇಲೆ ಬಾಯಿ ಹಾಕಬೇಕು? ಈ ವಿಷಯದಲ್ಲಿ ಯಾವ ಸಮಿತಿಯೂ ವರದಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ನಮ್ಮ ಹುಬ್ಬಳ್ಳಿ ದುರ್ಗದಬೈಲಿಗೆ ಹೋಗಿ ನೋಡಿ. ಗಿರಾಕಿಯ ಮುಖ ನೋಡಿ ಅಂಗಡಿಯವರು ಮರಾಠಿ, ಉರ್ದು, ಹಿಂದಿ ಯಾವುದಕ್ಕೆ ಬೇಕಾದರೂ ಹೊರಳುತ್ತಾರೆ. ಲಿಂಗ, ವಚನ ಎಲ್ಲ ಏರುಪೇರು. ಯಾರೂ ನಗೋದಿಲ್ಲ, ವ್ಯಾಪಾರ ಆಗುತ್ತದೆ. ಆ ಭಾಷೆಗಳು ದಿನವಿಡೀ ಕಿವಿಗೆ ಬೀಳುತ್ತವೆ, ಇಂಗ್ಲಿಷ್ ಹಾಗಲ್ಲ ಅಂತ ನೀವು ಅನ್ನಬಹುದು. ಖರೆ. ಅದಕ್ಕೇ ನಿಮ್ಮ ಮಗನಿಗೆ ಮೊದಲು ಕೇಳಲು ಬಿಡಿ. ಮೊಬೈಲಿನಲ್ಲಿ ಕ್ರಿಕೆಟ್ ಕಾಮೆಂಟರಿಯನ್ನೇ ಇಂಗ್ಲಿಷಿನಲ್ಲಿ ಕೇಳಲಿ, ಏನು ತಪ್ಪು?

ನೀವು ಸವಣೂರಿನವರು. ವಿ.ಕೃ. ಗೋಕಾಕರು ಹುಟ್ಟಿದ ಊರು. ಧಾರವಾಡದಲ್ಲಿ, ಆಕ್ಸ್‌ಫರ್ಡಿನಲ್ಲಿ ಓದಿ ಇಂಗ್ಲಿಷ್ ಕಲಿಸಿದವರು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷಿನ ನಿರ್ದೇಶಕರಾಗಿದ್ದವರು. ಅಂಥವರೇ 1981ರಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂತ ವರದಿ ಕೊಟ್ಟರು. ನಿಮ್ಮದೇ ತಾಲ್ಲೂಕಿನ ಹತ್ತಿಮತ್ತೂರಿನ ಕವಿ ಚಂಪಾ (ಚಂದ್ರಶೇಖರ ಪಾಟೀಲ) ಅವರೂ ಅಷ್ಟೇ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ, ಬೀದಿಯಲ್ಲಿ ಕನ್ನಡದ ಹೋರಾಟ. ಇಂಗ್ಲಿಷ್ ಬರಬೇಕಾದರೆ ಕನ್ನಡ ಬಾಯಿಂದ ಇಳಿಯಬೇಕು ಅಂತ ಇವರಿಬ್ಬರೂ ತಿಳಿದಿರಲಿಲ್ಲ. ಹಾಗೆ ತಿಳಿದಿರುವುದು ಫೀಜು ವಸೂಲಿ ಮಾಡುವವರು ಮಾತ್ರ.

ನಿಮಗೂ ಒಂದು ಮಾತು, ಹಿರಿಯರು, ತಪ್ಪು ತಿಳಿಯಬೇಡಿ. ನೆಂಟರ ಮುಂದೆ ಹುಡುಗನನ್ನು ನಿಲ್ಲಿಸಿ ಇಂಗ್ಲಿಷ್ ಆಡಿಸೋದನ್ನು ಇವತ್ತೇ ಬಿಡಿ. ಬಂದ ನೆಂಟರಲ್ಲಿ ಎಷ್ಟು ಜನಕ್ಕೆ ಇಂಗ್ಲಿಷ್ ಬರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವರಿಗೆ ಚಹಾ, ಸವಣೂರು ಖಾರ ಕೊಟ್ಟರೆ ಸಾಕು. ಹುಡುಗನಿಗೆ ಅವನ ಓರಗೆಯವರು ಒಂದಿಬ್ಬರು ಸಿಕ್ಕರೆ, ಅವರೂ ತಪ್ಪು ತಪ್ಪಾಗಿ ಮಾತಾಡುವವರಾದರೆ, ಅದಕ್ಕಿಂತ ಒಳ್ಳೆಯ ಕ್ಲಾಸು ಇಲ್ಲ. ಗ್ರಾಮರ್ ಪುಸ್ತಕ ಎಲ್ಲಿಗೂ ಓಡಿಹೋಗೋದಿಲ್ಲ, ಬಾಯಿ ತೆರೆದ ಮೇಲೆ ತಿದ್ದಿಕೊಳ್ಳಲಿ.

ಆ ಕ್ಲಾಸಿಗೆ ಕಟ್ಟಿದ ಫೀಜನ್ನು ವಾಪಸ್ ಕೇಳಿ. ಕೊಡಲಿಕ್ಕಿಲ್ಲ. ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ 'ನಾನ್ ರಿಫಂಡೆಬಲ್' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಆದರೂ ಹೋಗಿ ಕೇಳಿ, ಅದೂ ಅಚ್ಚ ಸವಣೂರು ಕನ್ನಡದಲ್ಲಿ ಕೇಳಿ. ಅವರು ಹತ್ತು ರೂಪಾಯಿ ದಂಡ ಹಾಕಿದರೆ ನಮ್ಮ ಕಚೇರಿಗೆ ಬನ್ನಿ, ನಾನು ಕೊಡುತ್ತೇನೆ.